ಎಪ್ಪತ್ತಾರರ ಹಟ, ಹತ್ತು ನಲವತ್ತೇಳರ ಒಲೆ

ಕ್ಯಾಪ್ಟನ್ ಹೆಟ್ಟಿಗೊಡ ಅವರ ಜೊತೆ ಹಾರಬೇಕು ಎಂದರೆ ನಮ್ಮ ಕಂಪನಿಯ ಸಹಪೈಲಟ್‌ಗಳೆಲ್ಲ ಹಣೆ ಚಚ್ಚಿಕೊಳ್ಳುತ್ತಾರೆ. ಮನುಷ್ಯ ಕೆಟ್ಟವರಲ್ಲ. ಎಂಜಲು ಕೈಯಲ್ಲಿ ಕಾಗೆ ಓಡಿಸದವರು, ಅಷ್ಟೇ. ಹೋಟೆಲಿನಿಂದ ಹೊರಟಾಗ ಕೋಣೆಯ ದೀಪ ಆರಿಸಿದೆನೋ ಇಲ್ಲವೋ ಎಂದು ಅನುಮಾನ ಬಂದು ಐದನೇ ಮಹಡಿಗೆ ವಾಪಸು ಹೋಗುತ್ತಾರೆ, ಅದೂ ಮೆಟ್ಟಿಲು ಹತ್ತಿ. ಲಿಫ್ಟಿಗೆ ಕರೆಂಟು ಬೇಕಲ್ಲ! ಇಂಧನ ಉಳಿಸಿದವರ ಪಟ್ಟಿಯನ್ನು ಕಂಪನಿ ತಿಂಗಳಿಗೊಮ್ಮೆ ಗೋಡೆಗೆ ಅಂಟಿಸುತ್ತದೆ. ಅದರ ಮೊದಲ ಹೆಸರು ಬದಲಾದದ್ದನ್ನು ನಾನು ಕಂಡಿಲ್ಲ.

ಅವುರುದು ಹಬ್ಬದ ದಿನ, ಅಂದರೆ ನಮ್ಮ ಸಿಂಹಳ ಹೊಸ ವರ್ಷದಂದು, ದುಬೈಯಿಂದ ಕೊಲಂಬೊಗೆ ಬರುವ ವಿಮಾನದಲ್ಲಿ, ನನ್ನ ಪಾಲಿಗೆ ಬಂದದ್ದು ಇದೇ ಮಹಾನುಭಾವ.

ಮದುವೆಯಾದ ಮೇಲೆ ನನಗದು ಮೊದಲ ಅವುರುದು. ಸೂರ್ಯ ಮೀನದಿಂದ ಮೇಷಕ್ಕೆ ದಾಟುವ ಹೊತ್ತು. ನೊನಗತೆ ಎನ್ನುವ ಆ ಸಂಧಿಕಾಲದಲ್ಲಿ ಯಾರೂ ಯಾವ ಕೆಲಸವನ್ನೂ ಮಾಡುವಂತಿಲ್ಲ, ಒಲೆಯಲ್ಲಿ ಬೆಂಕಿ ಇರುವಂತಿಲ್ಲ. ಆಮೇಲೆ ಮುಹೂರ್ತದ ಚೀಟಿಯಲ್ಲಿ ಬರೆದ ನಿಮಿಷಕ್ಕೆ ಸರಿಯಾಗಿ ಇಡೀ ದ್ವೀಪ ಒಟ್ಟಿಗೆ ಒಲೆ ಹೊತ್ತಿಸಿ ಹಾಲು ಉಕ್ಕಿಸುತ್ತದೆ. ಆ ವರ್ಷದ ನಿಮಿಷ ಬೆಳಗಿನ ಹತ್ತು ನಲವತ್ತೇಳು.

ನನ್ನ ಅತ್ತೆ ಯಸವತಿ ಮಿನುವಂಗೊಡದ ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದವರು. ಈಗಲೂ ಹಾಗೇ ಮಾತಾಡುತ್ತಾರೆ.

"ಹೊಸ ಸೊಸೆ ಒಲೆ ಹೊತ್ತಿಸ್ಬೇಕು. ಮೂವತ್ತೊಂದು ವರ್ಷ ನಾನು ಹೊತ್ತಿಸಿದೀನಿ, ಸಾಕು," ಎಂದಿದ್ದರು. "ವರ್ಷಕ್ಕೊಂದು ಒಲೆಗೆ ಬರಕ್ಕಾಗದ ಕೆಲಸ ಅದ್ಯಾವ ಸೀಮೆ ಕೆಲಸ? ಹತ್ತು ನಲವತ್ತೇಳಕ್ಕೆ ನೀನು ಒಲೆ ಮುಂದೆ ಕೂತಿರ್ಲಿಲ್ಲ ಅಂದ್ರೆ ಆ ಪೈಲಟ್ ಟೋಪಿ ಗೂಟಕ್ಕೆ ನೇತುಹಾಕ್ಬಿಡು."

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. "ಆಗ್ಲಿ ಅಮ್ಮಾ, ನೇತುಹಾಕ್ತೀನಿ," ಅಂದುಬಿಟ್ಟೆ. ಅಂದದ್ದು ಮನೆಯ ಬುದ್ಧನ ಮುಂದೆ, ದೀಪದ ಎದುರು, ನನ್ನ ಗಂಡ ಜನಿತ್ ಕಣ್ಣಲ್ಲೇ "ಬೇಡ, ಬೇಡ" ಎನ್ನುತ್ತಿದ್ದಾಗ. ಹಾರುವುದು ಬಿಟ್ಟರೆ ನನಗೆ ಜಗತ್ತಿನಲ್ಲಿ ಬೇರೆ ಯಾವುದೂ ಬೇಡ. ಅಂಥದ್ದನ್ನು ಒಂದು ಒಲೆಗೆ ಪಣ ಇಟ್ಟಿದ್ದೆ, ಬುದ್ಧಿ ನೋಡಿ.

ಆದರೆ ನಾನೇನು ಲೆಕ್ಕ ಹಾಕದೆ ಇಟ್ಟಿರಲಿಲ್ಲ. ವಿಮಾನ ಇಳಿಯಬೇಕಾದದ್ದು ಒಂಬತ್ತು ಇಪ್ಪತ್ತಕ್ಕೆ. ಕಾಗದಪತ್ರ ಮುಗಿಸಿ ಹೊರಬರಲು ಇಪ್ಪತ್ತೈದು ನಿಮಿಷ, ಕಟುನಾಯಕದ ವಿಮಾನ ನಿಲ್ದಾಣದಿಂದ ಮನೆಗೆ ಇಪ್ಪತ್ತು. ಸ್ನಾನಕ್ಕೂ ಬಿಡುವಿತ್ತು. ದುಬೈಯಲ್ಲಿ ಎಲ್ಲ ಎಡವಟ್ಟಾಯಿತು. ಹಬ್ಬಕ್ಕೆ ಊರಿಗೆ ಹೊರಟ ನೂರ ಅರವತ್ತು ಜನ, ಆಳಿಗೊಂದು ಟೀವಿ. ಅವನ್ನೆಲ್ಲ ವಿಮಾನದ ಹೊಟ್ಟೆಯೊಳಗೆ ತುರುಕುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು.

ಮೇಲೆ ಹತ್ತಿ ನೆಟ್ಟಗಾದ ಮೇಲೆ ಹೊಸ ಲೆಕ್ಕ ನೋಡಿದೆ. ಶಬ್ದದ ವೇಗವನ್ನು ನೂರು ಅಂದುಕೊಂಡರೆ ನಾವು ಹೋಗುತ್ತಿದ್ದದ್ದು ಎಪ್ಪತ್ತಾರರಲ್ಲಿ. ಹೀಗೇ ಹೋದರೆ ಇಳಿಯುವುದು ಹತ್ತು ಐದಕ್ಕೆ, ಮನೆ ಸೇರುವುದು ಹತ್ತು ಐವತ್ತಕ್ಕೆ. ಮೂರು ನಿಮಿಷಕ್ಕೆ ನನ್ನ ಟೋಪಿ ಹೋಯಿತು! ಎಂಬತ್ತಕ್ಕೆ ಏರಿಸಿದರೆ ಹನ್ನೆರಡು ನಿಮಿಷ ಮೊದಲೇ ಇಳಿಯಬಹುದು, ಒಂಬತ್ತು ನಿಮಿಷ ಕೈಯಲ್ಲಿಟ್ಟುಕೊಂಡು ಮನೆಯೊಳಗೆ ಕಾಲಿಡಬಹುದು. ಬೇಕಾದದ್ದು ಎದುರಿನ ಒಂದು ಗುಂಡಿಯನ್ನು ಕೊಂಚ ತಿರುಗಿಸುವುದು, ಅಷ್ಟೇ.

ಆ ಗುಂಡಿಯ ಮೇಲೆ ಹೆಟ್ಟಿಗೊಡರ ದಪ್ಪ ಬೆರಳು ಕೂತಿತ್ತು.

"ಸರ್, ಒಂದು ಮಾತು," ಅಂದೆ.

"ಎಂಬತ್ತಾ? ಇಲ್ಲ," ಅಂದರು.

"ನಾನಿನ್ನೂ ಕೇಳೇ ಇಲ್ಲ!"

"ಹತ್ತು ನಿಮಿಷದಿಂದ ಆ ಗುಂಡೀನ ಬೆಕ್ಕು ಮೀನು ನೋಡ್ದಂಗೆ ನೋಡ್ತಿದೀಯ. ಇನ್ನೇನು ಕೇಳ್ತೀಯ?"

ಎಲ್ಲವನ್ನೂ ಹೇಳಿದೆ. ಅತ್ತೆ, ಒಲೆ, ಟೋಪಿ, ಗೂಟ. ಅವರು ತಲೆದೂಗುತ್ತ ಕೇಳಿದರು. ಕೇಳಿ, ಜೇಬಿನಿಂದ ಒಂದು ಗಿಡ್ಡ ಪೆನ್ಸಿಲ್ ತೆಗೆದರು. ಅದನ್ನು ಅವರು ತರಬೇತಿಯ ದಿನಗಳಿಂದ ಇಟ್ಟುಕೊಂಡಿದ್ದಾರೆ ಎಂದು ಹೇಳುತ್ತಾರೆ. ನೋಡಿದರೆ ನಂಬಬೇಕು, ಉಗುರಿನಷ್ಟಿತ್ತು.

"ಹನ್ನೆರಡು ನಿಮಿಷ ಉಳಿಸೋಕೆ ಐನೂರ ಅರವತ್ತು ಕಿಲೋ ಸೀಮೆಎಣ್ಣೆ ಹೆಚ್ಗೆ ಸುಡ್ಬೇಕು ಮಗಳೇ. ಐನೂರ ಅರವತ್ತು! ಮಿನುವಂಗೊಡದ ಒಲೆಗಳೆಲ್ಲ ಸೇರಿ ವರ್ಷಕ್ಕೆ ಅಷ್ಟು ಕುಡಿಯಲ್ಲ."

"ನೂರಕ್ಕೆ ನಾಲ್ಕು ಪಾಲು ವೇಗ ತಾನೇ ಸರ್, ಅದಕ್ಕೆ ಅಷ್ಟೊಂದಾ?"

"ಗಾಳಿ ಹತ್ರ ಕೇಳ್ಕೊಂಡು ಹೋದ್ರೆ ದಾರಿ ಬಿಡುತ್ತೆ. ನುಗ್ಗಿದ್ರೆ ತಿರುಗಿ ನೂಕುತ್ತೆ. ಎಂಬತ್ತರ ಹತ್ರ ಬಂತು ಅಂದ್ರೆ ರೆಕ್ಕೆ ಮೇಲಿನ ಗಾಳಿ ಗೋಡೆ ಥರ ನಿಂತ್ಕೊಳತ್ತೆ. ಹಂಗಂತ ತೀರಾ ನಿಧಾನಕ್ಕೂ ಹೋಗಂಗಿಲ್ಲ, ಮೂಗೆತ್ಕೊಂಡು ತೇಲಾಡೋಕೇ ಎಣ್ಣೆ ಬೇಕು. ತೆಂಗಿನಹಾಲಲ್ಲಿ ಅಕ್ಕಿ ಬೇಯ್ಸಿ ಕಿರಿಬತ್ ಮಾಡ್ತೀಯಲ್ಲ? ಉರಿ ಜೋರಾದ್ರೆ ತಳ ಹಿಡಿಯುತ್ತೆ, ಸಣ್ಣದಾದ್ರೆ ಅಕ್ಕಿ ಬೇಯೋದ್ರೊಳಗೆ ಸೌದೆ ಮುಗಿಯುತ್ತೆ. ಇವತ್ತಿನ ತೂಕಕ್ಕೆ, ಇವತ್ತಿನ ಗಾಳಿಗೆ, ಹದ ಎಪ್ಪತ್ತಾರು."

"ನಿಮ್ಮನೇಲಿ ಒಲೆ ಹೊತ್ಸೋರು ಯಾರು ಸರ್?"

"ಹೆಂಡ್ತಿ."

"ಅವರು ಬೈಯಲ್ವಾ, ನೀವಿಲ್ಲ ಅಂತ?"

"ನಾನಿಲ್ದಿದ್ರೇನೇ ಅವಳಿಗೆ ಹಬ್ಬ. ಉರಿ ಎಷ್ಟು ಬೇಕಾದ್ರೂ ಜೋರು ಮಾಡ್ಕೋಬೋದು."

ಇಂಥವರಿಗೆ ಏನು ಹೇಳುವುದು? ಕೈಕೈ ಹಿಸುಕಿಕೊಂಡು ಕೂತೆ. ಎದುರಿನ ಗಾಜಿನಲ್ಲಿ ಸೂರ್ಯ ಮೇಲೆದ್ದು ಬಂದ, ಮೇಷ ರಾಶಿಗೆ ಅವನಿಗೂ ಅವಸರ ಇದ್ದಹಾಗಿತ್ತು.

ಅಷ್ಟರಲ್ಲಿ ಕಂಪನಿಯ ರೇಡಿಯೋದಲ್ಲಿ ಗದ್ದಲ ಶುರುವಾಯಿತು. ನಮ್ಮವೇ ಇನ್ನೆರಡು ವಿಮಾನಗಳು ನಮ್ಮ ಹಿಂದೆ ಬರುತ್ತಿದ್ದವು, ಒಂದು ದೋಹಾದಿಂದ, ಒಂದು ಕುವೈತಿನಿಂದ. ದೋಹಾದ್ದನ್ನು ಹಾರಿಸುತ್ತಿದ್ದವರು ಕ್ಯಾಪ್ಟನ್ ಡೆಲ್ಪಚಿತ್ರ. ಆ ಮನುಷ್ಯನಿಗೆ ಕಾರಿನಲ್ಲೂ ಅವಸರ, ಸೈಕಲ್ಲಿನಲ್ಲೂ ಅವಸರ.

"ಹೆಟ್ಟಿಗೊಡ ಅಯ್ಯಾ! ಮುಂದೆ ಒಂದು ಎತ್ತಿನ ಗಾಡಿ ಕಾಣ್ತಿದೆ, ನಿಮ್ದೇನಾ?"

"ನಂದೇ ಮಲ್ಲಿ. ಎತ್ತಿಗೆ ಹುಲ್ಲು ಕಮ್ಮಿ ಹಾಕಿದೀನಿ," ಅಂದರು ಇವರು. ಮಲ್ಲಿ ಎಂದರೆ ನಮ್ಮ ಮಾತಿನಲ್ಲಿ ತಮ್ಮ.

"ನಾನು ಎಂಬತ್ತೊಂದು. ಕುವೈತಿನೋನು ಎಂಬತ್ತು. ಒಲೆ ಹೊತ್ಸೋ ಹೊತ್ಗೆ ನಾವು ಮನೇಲಿ. ನೀವು ಕವುಂ ಕಜ್ಜಾಯ ತಿನ್ನೋ ಹೊತ್ಗಾದ್ರೂ ಬನ್ನಿ!"

"ಪಕ್ಕಕ್ಕೆ ಸರ್ಕೊಂಡು ಹೋಗು, ಕೋಡು ತಾಗೀತು."

ಎರಡೂ ವಿಮಾನಗಳು ಬದಿಯಲ್ಲಿ ಹಾಯ್ದು ಮುಂದೆ ಹೋದವು. ಒಂದು ಗಂಟೆಯಲ್ಲಿ ಚುಕ್ಕಿಯಾಗಿ, ಆಮೇಲೆ ಅದೂ ಇಲ್ಲವಾಯಿತು. ನನಗೆ ಅಳು ಬರುವುದೊಂದು ಬಾಕಿ. ಹೆಟ್ಟಿಗೊಡರು ಮಾತ್ರ ಅರ್ಧ ಹೋಳು ನಿಂಬೆಯನ್ನು ಚಹಾಕ್ಕೆ ಹಿಂಡಿ, ಉಳಿದರ್ಧವನ್ನು ಕರವಸ್ತ್ರದಲ್ಲಿ ಸುತ್ತಿ ಇಟ್ಟುಕೊಂಡರು.

ಆಗ ನಮ್ಮ ನಡುವಿನ ಪುಟ್ಟ ಯಂತ್ರ ಕರಕರ ಎಂದು ಒಂದು ಚೀಟಿ ಹೊರಹಾಕಿತು. ಕಟುನಾಯಕದ ನಮ್ಮ ಆಫೀಸಿನ ಕುಮುದು ಕಳಿಸಿದ್ದು. ಹೆಟ್ಟಿಗೊಡರು ಹರಿದು ಓದಿದರು. "ಸಹಪೈಲಟ್ ಉತ್ಪಲಾ ಅವರ ಅತ್ತೆ ಬೆಳಗಿನ ಮೂರೂವರೆಯಿಂದ ನಮ್ಮ ಕೌಂಟರಿನಲ್ಲಿದ್ದಾರೆ. ವಿಮಾನ ಮೂರು ಐವತ್ತಕ್ಕೆ ಎಂದು ಸೊಸೆಯೇ ಬರೆದಿಟ್ಟಿದ್ದಾಳೆ ಎನ್ನುತ್ತಾರೆ. ನನ್ನ ಕುರ್ಚಿಯಲ್ಲಿ ಕೂತಿದ್ದಾರೆ. ದಯವಿಟ್ಟು ಬೇಗ ಬನ್ನಿ."

ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ನಾನೇ ಬರೆದದ್ದು ಕಣ್ಣಿಗೆ ಕಟ್ಟಿತು, ಕೆಂಪು ಶಾಯಿಯಲ್ಲಿ, ದಪ್ಪಕ್ಷರದಲ್ಲಿ. ನಾವು ಪೈಲಟ್‌ಗಳು ಎಲ್ಲ ಹೊತ್ತನ್ನೂ ಗ್ರೀನಿಚ್ ಗಡಿಯಾರದಲ್ಲೇ ಬರೆಯುವುದು. ವರ್ಷಗಟ್ಟಲೆ ಬರೆದು ಕೈಗೆ ಬೇರೆಯದು ಬರುವುದಿಲ್ಲ. ಒಂಬತ್ತು ಇಪ್ಪತ್ತು ನಮ್ಮೂರಲ್ಲಿ, ಗ್ರೀನಿಚ್‌ನಲ್ಲಿ ಮೂರು ಐವತ್ತು. ಪಾಪ, ಅತ್ತೆಗೇನು ಗೊತ್ತು? ಸೊಸೆ ನಸುಕಿನಲ್ಲೇ ಇಳಿಯುತ್ತಾಳೆ, ಕರೆದುಕೊಂಡು ಬರೋಣ ಎಂದು ಮಗನನ್ನೆಬ್ಬಿಸಿ ಹೊರಟುಬಿಟ್ಟಿದ್ದಾರೆ. ಐದು ತಾಸಿನಿಂದ ಕಾದಿದ್ದಾರೆ. ಮುಹೂರ್ತ ಮೀರುವುದು ಬೇರೆ, ಹೆಡ್‌ಮಿಸ್ಸನ್ನು ಐದು ಗಂಟೆ ಕಾಯಿಸಿದ್ದು ಬೇರೆ.

ಹೆಟ್ಟಿಗೊಡರಿಗೆ ವಿಷಯ ಬಿಡಿಸಿ ಹೇಳಿದೆ. ಅವರು ನಗತೊಡಗಿದರು. ಆ ನಗು ಹೊಟ್ಟೆಯಿಂದ ಭುಜಕ್ಕೆ, ಭುಜದಿಂದ ಕುರ್ಚಿಗೆ ಹಬ್ಬಿತು. ಕಣ್ಣೊರೆಸಿಕೊಳ್ಳಲು ಕರವಸ್ತ್ರ ಎಳೆದರೆ ನಿಂಬೆಹೋಳು ಹಾರಿ ನನ್ನ ಮಡಿಲಿಗೆ ಬಿತ್ತು. ನನಗೂ ತಡೆಯಲಾಗಲಿಲ್ಲ. ಮೂವತ್ತೇಳು ಸಾವಿರ ಅಡಿ ಎತ್ತರದಲ್ಲಿ ಇಬ್ಬರೂ ಹುಚ್ಚರ ಹಾಗೆ ನಕ್ಕೆವು.

"ಈಗ್ಲಾದ್ರೂ ಎಂಬತ್ತು ಮಾಡಿ ಸರ್!"

"ಐದು ಗಂಟೆ ಕಾದೋರು ಇನ್ನು ಹನ್ನೆರಡು ನಿಮಿಷ ಕಾಯಲ್ವಾ?"

"ಕೊಲ್ತಾರೆ ನನ್ನ."

"ಕೊಲ್ಲೋದಾದ್ರೆ ಹತ್ತು ನಿಮಿಷ ತಡವಾಗೇ ಕೊಲ್ಲಲಿ, ಒಳ್ಳೇದಲ್ವಾ?"

ಇಂಡಿಯಾದ ತುದಿ ದಾಟುವಾಗ ಎರಡನೇ ಚೀಟಿ ಬಂತು. "ಮನೆಗೆ ಹೋಗಲು ಹೊತ್ತು ಸಾಲದು ಎಂದು ಅತ್ತೆ ತೀರ್ಮಾನಿಸಿದ್ದಾರೆ. ಮಡಕೆ, ಹಾಲು, ಇಟ್ಟಿಗೆ ತರಲು ಮಗನನ್ನು ಮನೆಗೆ ಅಟ್ಟಿದ್ದಾರೆ. ಒಲೆ ಇಲ್ಲೇ ಹೂಡುತ್ತಾರಂತೆ. ಇಲ್ಲಿ ಬೆಂಕಿ ಹಚ್ಚುವಂತಿಲ್ಲ ಎಂದೆ. ನೀನು ಯಾವ ಶಾಲೆಯಲ್ಲಿ ಓದಿದ್ದು ಎಂದು ಕೇಳಿದರು."

ನನಗೆ ಹೋದ ಜೀವ ಬಂದಂತಾಯಿತು. ಒಲೆಯೇ ಕಟುನಾಯಕಕ್ಕೆ ಬಂದರೆ, ಹತ್ತು ಐದಕ್ಕೆ ಇಳಿದರೂ ಧಾರಾಳ. ಹೆಟ್ಟಿಗೊಡರ ಕಡೆ ನೋಡಿ ಹಲ್ಲು ಕಿರಿದೆ. ಅವರೂ ಕಿರಿದರು.

ಆ ಸಂತೋಷ ಹತ್ತು ನಿಮಿಷ ಬಾಳಿತು. ನೆಗೊಂಬೊ ಕಡಲ ಮೇಲಿಂದ ಒಂದು ಕರೀ ಮೋಡ ಎದ್ದು, ಬೇರೆಲ್ಲೂ ಜಾಗ ಸಿಗದವರ ಹಾಗೆ ರನ್‌ವೇ ಮೇಲೆಯೇ ಬಂದು ಕೂತಿತು. ಗುಡುಗು, ಮಿಂಚು, ಮುಂದೆ ನೂರು ಮಾರು ಕಾಣದ ಮಳೆ. ಯಾರೂ ಇಳಿಯುವಂತಿಲ್ಲ, ಕಡಲ ಮೇಲೆ ಸುತ್ತು ಹಾಕಿಕೊಂಡಿರಿ ಎಂದು ಟವರಿನವರು ಹೇಳಿದರು. ನಾವು ಹೋಗಿ ಸೇರುವಾಗ ಡೆಲ್ಪಚಿತ್ರರೂ ಕುವೈತಿನವರೂ ಆಗಲೇ ಕಾಲು ಗಂಟೆಯಿಂದ ನಮ್ಮ ಕೆಳಗೆ ಗಾಣದೆತ್ತಿನಂತೆ ಸುತ್ತುತ್ತಿದ್ದರು.

"ಮಲ್ಲಿ, ಮನೆ ಸೇರಿದ್ಯಾ?" ಎಂದು ಹೆಟ್ಟಿಗೊಡರು ಕೇಳಿದರು.

ಅವರು ಕೆಳಗೆ ಇನ್ನೊಂದು ಸುತ್ತು ಹಾಕಿದರು.

ಹತ್ತು ಎಂಟು. ಮೋಡ ಜಗ್ಗಲಿಲ್ಲ. ಆಗ ಡೆಲ್ಪಚಿತ್ರರ ದನಿ ಕೇಳಿಸಿತು, ಈ ಸಲ ಟವರಿಗೆ, ಬಹಳ ಮೆತ್ತಗೆ. ಕಾಯುವುದಕ್ಕೆ ಇದ್ದ ಎಣ್ಣೆ ಮುಗಿಯಿತು, ಉಳಿದದ್ದು ಮತ್ತಲಕ್ಕೆ ಹೋಗುವಷ್ಟೇ, ಅಲ್ಲಿಗೇ ಹೋಗುತ್ತೇನೆ ಎಂದರು. ಎರಡು ನಿಮಿಷ ಬಿಟ್ಟು ಕುವೈತಿನವರೂ ಅದನ್ನೇ ಹೇಳಿದರು. ಮತ್ತಲ ಎಂದರೆ ದ್ವೀಪದ ಇನ್ನೊಂದು ತುದಿಯ ವಿಮಾನ ನಿಲ್ದಾಣ. ಅಲ್ಲಿ ಅವರಿಗೆ ಸಿಗುವುದು ಕಾಡಾನೆ, ನವಿಲು, ಒಲೆಯಲ್ಲ.

ನಾನು ನಮ್ಮ ಎಣ್ಣೆಯ ಅಂಕಿ ನೋಡಿದೆ. ಹೊರಡುವಾಗ ಹಾದಿಯ ಖರ್ಚಿನ ಮೇಲೆ ಮೂವರೂ ತುಂಬಿಸಿಕೊಂಡದ್ದು ಒಂದೇ ಅಳತೆ. ಸುತ್ತುವಾಗ ನಿಮಿಷಕ್ಕೆ ನಲವತ್ತು ಕಿಲೋ ಹೋಗುತ್ತದೆ. ನನ್ನ ಬಾಯಿ ತಾನಾಗಿ ಲೆಕ್ಕ ಮಾಡಿತು. "ಐನೂರ ಅರವತ್ತು ಕಿಲೋ ಅಂದ್ರೆ ಹದಿನಾಲ್ಕು ನಿಮಿಷ."

"ಹ್ಞಾಂ," ಅಂದರು ಹೆಟ್ಟಿಗೊಡ. "ಅವ್ರು ಹನ್ನೆರಡು ಉಳಿಸೋಕೆ ಹೋಗಿ ಹದಿನಾಲ್ಕು ಸುಟ್ಟ್ರು. ಹೊತ್ತು ಅನ್ನೋದು ಗಡಿಯಾರದಲ್ಲಿಲ್ಲ ಮಗಳೇ, ರೆಕ್ಕೆಯೊಳಗಿದೆ."

ಇಷ್ಟು ದೊಡ್ಡ ಮಾತಾಡಿದ್ದಕ್ಕೆ ಅವರಿಗೇ ನಾಚಿಕೆಯಾಯಿತೇನೋ, ತಕ್ಷಣ ನನ್ನ ಮಡಿಲಿನ ನಿಂಬೆಹೋಳು ವಾಪಸು ಕೇಳಿದರು.

ಹತ್ತು ಹದಿನೇಳಕ್ಕೆ ಮೋಡ ಬಂದ ಹಾಗೇ ಎದ್ದು ಹೋಯಿತು. ಸರದಿಯಲ್ಲಿ ನಾವೇ ಮೊದಲು. ಮುಂದಿದ್ದವರೆಲ್ಲ ಮತ್ತಲದ ದಾರಿ ಹಿಡಿದಿದ್ದರು. ಹತ್ತು ಇಪ್ಪತ್ತೆರಡಕ್ಕೆ ಚಕ್ರ ನೆಲ ಮುಟ್ಟಿತು. ಹಿಂದೆ ನೂರ ಅರವತ್ತು ಜನ ಚಪ್ಪಾಳೆ ಹೊಡೆದು ಕೇಕೆ ಹಾಕಿದ್ದು ಬಾಗಿಲು ದಾಟಿ ಕೇಳಿಸಿತು. ನಾನೂ ಕೇಕೆ ಹಾಕುವವಳಿದ್ದೆ. ಅಷ್ಟರಲ್ಲಿ ಹೆಟ್ಟಿಗೊಡರು ಒಂದು ಎಂಜಿನ್ ಆರಿಸಿ ವಿಮಾನವನ್ನು ಬಸುರಿ ಎಮ್ಮೆಯ ನಡಿಗೆಗೆ ಇಳಿಸಿದರು.

"ಸರ್, ಇವತ್ತೊಂದಿನ!"

"ಒಂದರಲ್ಲೇ ಹೋಗ್ತದಲ್ಲ, ಎರಡ್ಯಾಕೆ?"

ನಿಲ್ಲಿಸಿದಾಗ ಹತ್ತು ಮೂವತ್ತೆರಡು. "ಓಡು, ಕಾಗದ ನಾನು ನೋಡ್ಕೋತೀನಿ," ಎಂದು ಅವರು ಹೇಳಿ ಮುಗಿಸುವಷ್ಟರಲ್ಲಿ ನಾನು ಮೆಟ್ಟಿಲ ಮೇಲಿದ್ದೆ. ಟೋಪಿ ಕಂಕುಳಲ್ಲಿ, ಚೀಲ ಹೆಗಲಲ್ಲಿ. ಕೌಂಟರಿನಲ್ಲಿ ಕುಮುದು ಬಾಗಿಲಾಚೆಗೆ ಬೆರಳು ತೋರಿಸಿದಳು. ಬೇಲಿ ದಾಟಿ ರಸ್ತೆಯಾಚೆ ಒಂದು ಚಹಾದಂಗಡಿ. ಅದರ ತಗಡಿನ ಕೆಳಗೆ ಮೂರು ಇಟ್ಟಿಗೆ, ಅವುಗಳ ಮೇಲೆ ಹೊಸ ಮಡಕೆ, ಪಕ್ಕದಲ್ಲಿ ನೆಟ್ಟಗೆ ನಿಂತ ಅತ್ತೆ. ಸುತ್ತ ಕೆಲಸ ಬಿಟ್ಟು ಮನೆಗೆ ಹೋಗಲಾಗದ ಕಾವಲುಗಾರರು, ಟ್ಯಾಕ್ಸಿಯವರು, ಸಾಮಾನು ಹೊರುವವರು. ಎಲ್ಲರನ್ನೂ ಅತ್ತೆ ಸಾಲಾಗಿ ನಿಲ್ಲಿಸಿದ್ದರು.

"ಮೂರು ಐವತ್ತಾ?" ಎಂದರು.

"ಅಮ್ಮಾ, ಅದು ಗ್ರೀನಿಚ್..."

"ಆಮೇಲೆ ಬೈತೀನಿ. ಈಗ ಹೊತ್ತಿಲ್ಲ. ಬಿಳಿ ಬಟ್ಟೆ ಹಾಕ್ಕೊಂಡು ದಕ್ಷಿಣಕ್ಕೆ ಮುಖ ಮಾಡಿ ಅಂತ ಚೀಟೀಲಿದೆ. ಅಂಗಿ ಬಿಳೀದೇ ಇದೆ. ದಕ್ಷಿಣ ಎಲ್ಲಿ? ಈ ಜನ ಒಬ್ಬೊಬ್ರು ಒಂದೊಂದು ಕಡೆ ತೋರಿಸ್ತಾರೆ."

ರನ್‌ವೇ ಯಾವ ದಿಕ್ಕಿಗಿದೆ ಎಂದು ನಿದ್ದೆಯಲ್ಲೂ ಹೇಳುವವಳು ನಾನು. ಅಲ್ಲಿಂದ ನಲವತ್ತು ಡಿಗ್ರಿ ಎಡಕ್ಕೆ ತಿರುಗಿ ಕೂತೆ. ಅತ್ತೆ ಮೊದಲ ಬಾರಿಗೆ ನನ್ನನ್ನು ಪರೀಕ್ಷೆಯಲ್ಲಿ ಪಾಸಾದ ಹುಡುಗಿಯ ಹಾಗೆ ನೋಡಿದರು.

ಹತ್ತು ನಲವತ್ತಾರು. ಜನಿತ್ ಮೊಬೈಲ್ ನೋಡುತ್ತ ಎಣಿಸತೊಡಗಿದ. ಹತ್ತು ನಲವತ್ತೇಳಕ್ಕೆ ಸುತ್ತಲ ಊರುಗಳಲ್ಲೆಲ್ಲ ಪಟಾಕಿ ಸಿಡಿದವು. ಕಡ್ಡಿ ಗೀರಿದೆ. ತೆಂಗಿನ ಸಿಪ್ಪೆಗೆ ಮಳೆ ತಾಗಿ ತೊಪ್ಪೆಯಾಗಿತ್ತು. ಕಡ್ಡಿ ಉಸ್ ಎಂದು ಆರಿತು. ಇನ್ನೊಂದು ಗೀರಿದೆ, ಅದೂ ಆರಿತು. ನಲವತ್ತು ಟನ್ನಿನ ಲೋಹವನ್ನು ಬಿರುಗಾಳಿಯಲ್ಲಿ ಇಳಿಸಿದವಳಿಗೆ ಮೂರು ಇಟ್ಟಿಗೆಯ ಒಲೆ ಹತ್ತಿಸಲಾಗಲಿಲ್ಲ.

"ಸೀಮೆಎಣ್ಣೆ!" ಎಂದು ಅತ್ತೆ ಕೂಗಿದರು. ಚಹಾದಂಗಡಿಯವನು ಸೀಸೆ ಕೊಟ್ಟ. "ಸುರಿ!"

ಕೈಗೆ ಬಂದಷ್ಟು ಸುರಿದು ಮೂರನೇ ಕಡ್ಡಿ ಗೀರಿದೆ. ಬೆಂಕಿ ಭಗ್ಗನೆ ಎದ್ದು ತಗಡನ್ನು ಮುಟ್ಟಿ ಇಳಿಯಿತು. ಜನಿತನ ಮೊಬೈಲಿನಲ್ಲಿ ಇನ್ನೂ ನಲವತ್ತೇಳೇ ಇತ್ತು. ಕಾವಲುಗಾರರು ಕುಣಿದರು, ನಾನೂ ಕುಣಿದೆ.

ಹಾಲು ಕಾಯುತ್ತಿರುವಾಗ ಹೆಟ್ಟಿಗೊಡರು ಬಂದರು. ಬಂದವರೇ ಮೂಗು ಅರಳಿಸಿ, ಸೀಸೆಯನ್ನು ಎತ್ತಿ ಬೆಳಕಿಗೆ ಹಿಡಿದರು.

"ಎಷ್ಟು ಸುರಿದ್ರಿ?"

"ಅರ್ಧ ಸೀಸೆ ಸರ್."

"ಅರ್ಧ ಸೀಸೆ! ಒಂದು ಮುಚ್ಚಳ ಸಾಕಿತ್ತಲ್ಲೇ!"

"ನೀವು ಯಾರು?" ಎಂದರು ಅತ್ತೆ.

"ಇವ್ರೇ ಅಮ್ಮಾ, ನಮ್ಮ ಕ್ಯಾಪ್ಟನ್. ನಿಧಾನ ಹಾರ್ಸಿದ್ದು ಇವ್ರೇ," ಎಂದೆ. ಬೈಸಿಕೊಳ್ಳಲಿ ಎಂಬ ಆಸೆ ಇಲ್ಲದಿರಲಿಲ್ಲ.

ಅತ್ತೆಗೆ ಕುಮುದು ಎಲ್ಲ ವರದಿ ಒಪ್ಪಿಸಿದ್ದಳು, ಮತ್ತಲದ್ದೂ ಸೇರಿ. ಅವರು ಹೆಟ್ಟಿಗೊಡರನ್ನು ತಲೆಯಿಂದ ಕಾಲಿನವರೆಗೆ ಅಳೆದರು. ಏನೋ ಹೇಳಬೇಕೆಂದಿದ್ದರು, ಅಷ್ಟರಲ್ಲಿ ಹಾಲು ಮಡಕೆಯ ಬಾಯಿಗೆ ಏರಿತು.

"ಉರಿ ಸಣ್ಣ ಮಾಡಿ!" ಹೆಟ್ಟಿಗೊಡರು ಮುಂದೆ ನುಗ್ಗಿದರು. "ಚೆಲ್ಲಿಹೋಗುತ್ತೆ, ಚೆಲ್ಲಿಹೋಗುತ್ತೆ!"

"ಸುಮ್ನೆ ನಿಂತ್ಕೊಳ್ಳಿ," ಎಂದು ಅತ್ತೆ ಅವರ ತೋಳು ಹಿಡಿದರು. "ಉಕ್ಕಬೇಕು."

"ಅಷ್ಟೂ?"

"ಅಷ್ಟೂ."

ಹಾಲು ಉಕ್ಕಿ ಮಡಕೆಯ ನಾಲ್ಕೂ ಕಡೆಯಿಂದ ಇಟ್ಟಿಗೆಯ ಮೇಲೆ ಹರಿಯಿತು. ಎಲ್ಲರೂ ಕೈಮುಗಿದರು. ಹೆಟ್ಟಿಗೊಡರು ಕಣ್ಣು ಮುಚ್ಚಿಕೊಂಡರು, ಭಕ್ತಿಗಲ್ಲ, ನೋಡಲಾರದೆ. ಅತ್ತೆ ಅದನ್ನು ಕಂಡು ಕಿಸಕ್ಕನೆ ನಕ್ಕರು. ಅವರು ನಗುವುದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಹೆಡ್‌ಮಿಸ್ ದನಿಯಲ್ಲಿ ಅವರಿಗೆ ಹೇಳಿದರು. "ನೋಡಿ, ಮುಂದಿನ ವರ್ಷವೂ ಇವಳನ್ನ ನಿಮ್ಮ ಜೊತೇಲೇ ಹಾಕ್ಕೊಳ್ಳಿ. ಆ ಓಡೋ ಗಂಡಸರ ಜೊತೆ ಕಳಿಸ್ಬೇಡಿ, ಗೊತ್ತಾಯ್ತಾ?"

"ಗೊತ್ತಾಯ್ತು ಮಿಸ್," ಅಂದರು ಹೆಟ್ಟಿಗೊಡ.

ಮುಂದಿನ ವರ್ಷ! ನಾನು ಒಲೆಯ ಮುಂದೆ ಹಾಗೇ ಕೂತಿದ್ದೆ. ಹೊಗೆ ಕಣ್ಣಿಗೆ ನುಗ್ಗುತ್ತಿತ್ತು, ಸರಿಯಬೇಕೆಂದು ಹೊಳೆಯಲೇ ಇಲ್ಲ. ಅತ್ತೆ ಬಗ್ಗಿ, ನನ್ನ ಕಂಕುಳಿನಿಂದ ಜಾರಿ ಕೆಸರಿಗೆ ಬಿದ್ದಿದ್ದ ಟೋಪಿಯನ್ನು ಎತ್ತಿ, ಸೆರಗಿನಿಂದ ಒರೆಸಿ ನನ್ನ ತಲೆಯ ಮೇಲಿಟ್ಟರು.